ದೋಸೆ ವ್ಯಾನ್‌ನಲ್ಲಿ ಗ್ಯಾಸ್ ಸಿಲಿಂಡರ್ ಹೇರಿಕೊಂಡು ಇಂಗ್ಲೆಂಡಿನಿಂದ ಜರ್ಮನಿಗೆ ಹೋಗಬಹುದೇ?

ಕಾವಲಿಮನೆ, ಕವೆಂಟ್ರಿ:

ಎಲ್ಲರಿಗೂ ನಮಸ್ಕಾರ. ನಾನೂ ನನ್ನ ಭಾವನೂ ಸೇರಿ ಕವೆಂಟ್ರಿಯಲ್ಲಿ ಆರು ವರ್ಷಗಳಿಂದ ದೋಸೆಯ ವ್ಯಾನ್ ನಡೆಸುತ್ತಿದ್ದೇವೆ. ಬರುವ ನವೆಂಬರ್‌ನಲ್ಲಿ ಫ್ರಾಂಕ್‌ಫರ್ಟ್ ಹತ್ತಿರದ ಕನ್ನಡಿಗರು ರಾಜ್ಯೋತ್ಸವಕ್ಕೆ ಸುಮಾರು 400 ಜನರಿಗೆ ದೋಸೆ, ಇಡ್ಲಿ ಮಾಡಿಕೊಡಬೇಕೆಂದು ಕೇಳಿದ್ದಾರೆ. ಡೋವರ್‌ನಿಂದ ಹಡಗಿನಲ್ಲಿ ಕ್ಯಾಲೇಗೆ ದಾಟಿ, ಗೆಂಟ್, ಬ್ರಸೆಲ್ಸ್, ಆಖೆನ್, ಕಲೋನ್ ಮಾರ್ಗವಾಗಿ ಹೋಗುವುದು ನಮ್ಮ ಲೆಕ್ಕಾಚಾರ. ಒಂದು ಕಡೆಗೆ 900 ಕಿ.ಮೀ. ಆಸುಪಾಸು ಆಗುತ್ತದೆ. ವ್ಯಾನ್ 3.5 ಟನ್‌ನದು, ಹಿಂದಿನ ಭಾಗ ಪೂರ್ತಿ ಮುಚ್ಚಿದ್ದು.

ಅಡುಗೆಯ ಸಾಮಾನಿನ ಬಗ್ಗೆ ನನಗೆ ಚಿಂತೆಯಿಲ್ಲ. ಅದರ ಜೊತೆಗೆ ಹೋಗುವ ವಸ್ತುಗಳ ಬಗ್ಗೆ ಚಿಂತೆಯಿದೆ. 47 ಕಿಲೋ ಪ್ರೋಪೇನ್ ಹಿಡಿಯುವ ಮೂರು ಸಿಲಿಂಡರ್, ಜನರೇಟರ್‌ಗೆಂದು 20 ಲೀಟರ್‌ನ ಎರಡು ಕ್ಯಾನ್ ಪೆಟ್ರೋಲ್, ಕಾವಲಿಯ ಜಿಡ್ಡು ತೆಗೆಯುವ ಕಾಸ್ಟಿಕ್ ದ್ರಾವಣ 10 ಲೀಟರ್, ನೆಲ ತೊಳೆಯಲು ಬ್ಲೀಚ್ 10 ಲೀಟರ್. ಇಂಗ್ಲೆಂಡಿನೊಳಗೆ ಮೇಳಗಳಿಗೂ ಮದುವೆಗಳಿಗೂ ಇವನ್ನೆಲ್ಲ ಹೇರಿಕೊಂಡೇ ಓಡಾಡುತ್ತೇವೆ, ಇದುವರೆಗೆ ಯಾರೂ ತಡೆದು ಕೇಳಿದ್ದಿಲ್ಲ. ಆದರೆ ದೇಶದ ಗಡಿ ದಾಟುವಾಗ ಇವನ್ನು ಅಪಾಯಕಾರಿ ಸರಕು ಎಂದು ಪರಿಗಣಿಸುತ್ತಾರೆಂದು ಒಬ್ಬರು, ಸ್ವಂತ ಬಳಕೆಗಾದರೆ ಯಾವ ನಿಯಮವೂ ಇಲ್ಲವೆಂದು ಇನ್ನೊಬ್ಬರು ಹೇಳುತ್ತಿದ್ದಾರೆ. ವಿಶೇಷ ಲೈಸೆನ್ಸ್ ಬೇಕೇ? ವ್ಯಾನ್‌ಗೆ ಕಿತ್ತಳೆ ಬಣ್ಣದ ಫಲಕ ಹಾಕಬೇಕೇ? ಇದರಲ್ಲಿ ಕೆಲಸ ಮಾಡಿದವರು ದಯವಿಟ್ಟು ತಿಳಿಸಿ. ಸಂಘದವರಿಗೆ ಇನ್ನೂ ಮುಂಗಡದ ರಸೀದಿ ಕೊಟ್ಟಿಲ್ಲ, ಆದ್ದರಿಂದ ಯೋಜನೆ ಬದಲಿಸಲು ಕಾಲಾವಕಾಶವಿದೆ.

ರೈನ್‌ತೀರದ ಸರಕು:

ನಮಸ್ಕಾರ. ಅಪಾಯಕಾರಿ ಸರಕಿನ ಸಾಗಣೆಯ ಕಾಗದಪತ್ರ ನೋಡುವುದೇ ಇಲ್ಲಿ ನನ್ನ ಉದ್ಯೋಗ, ಹಾಗಾಗಿ ಸ್ವಲ್ಪ ವಿಸ್ತಾರವಾಗಿ ಬರೆಯುತ್ತೇನೆ.

ಯುರೋಪಿನ ರಸ್ತೆಗಳಲ್ಲಿ ಇಂಥ ಸರಕಿಗೆ ಅನ್ವಯಿಸುವುದು ಎಡಿಆರ್ ಎಂಬ ಒಪ್ಪಂದ. 1957ರ ಸೆಪ್ಟೆಂಬರ್ 30ರಂದು ಜಿನೀವಾದಲ್ಲಿ ಆದ ಈ ಒಪ್ಪಂದ 1968ರಲ್ಲಿ ಜಾರಿಗೆ ಬಂತು. ಎರಡು ವರ್ಷಕ್ಕೊಮ್ಮೆ, ಬೆಸಸಂಖ್ಯೆಯ ವರ್ಷದ ಜನವರಿಯಲ್ಲಿ, ಪರಿಷ್ಕೃತವಾಗುತ್ತದೆ. ಬ್ರಿಟನ್ ಐರೋಪ್ಯ ಒಕ್ಕೂಟವನ್ನು ಬಿಟ್ಟರೂ ಈ ಒಪ್ಪಂದದಲ್ಲಿ ತನ್ನದೇ ಹೆಸರಿನಲ್ಲಿ ಉಳಿದಿದೆ. ಅಂದರೆ ನೀವು ಕವೆಂಟ್ರಿಯಿಂದ ಡೋವರ್‌ವರೆಗೆ ಓಡಿಸುವಾಗ ಇರುವ ನಿಯಮವೂ ಕ್ಯಾಲೇಯಿಂದ ಫ್ರಾಂಕ್‌ಫರ್ಟ್‌ವರೆಗೆ ಇರುವ ನಿಯಮವೂ ಮೂಲದಲ್ಲಿ ಒಂದೇ. ನಿಮ್ಮನ್ನು ಇಷ್ಟು ದಿನ ಯಾರೂ ತಡೆಯದಿರುವುದಕ್ಕೆ ನಿಯಮ ಇಲ್ಲದಿರುವುದು ಕಾರಣವಲ್ಲ, ನೀವು ಗೊತ್ತಿಲ್ಲದೆಯೇ ಅದರ ವಿನಾಯಿತಿಯೊಳಗೆ ಇದ್ದದ್ದು ಕಾರಣ.

ವಿನಾಯಿತಿಯ ಲೆಕ್ಕ ಹೀಗಿದೆ. ಪ್ರತಿಯೊಂದು ವಸ್ತುವಿಗೂ ವಿಶ್ವಸಂಸ್ಥೆ ಗೊತ್ತುಮಾಡಿದ ಯುಎನ್ ಸಂಖ್ಯೆಯೊಂದು ಇರುತ್ತದೆ, ಆ ಸಂಖ್ಯೆಯ ಎದುರಿಗೆ 0ಯಿಂದ 4ರವರೆಗಿನ ಒಂದು ಸಾಗಣೆ ವರ್ಗ ಇರುತ್ತದೆ. ಸಾಮಾನ್ಯವಾಗಿ 1ನೇ ವರ್ಗದ ಸರಕಿನ ಪ್ರಮಾಣವನ್ನು 50ರಿಂದ, 2ನೇ ವರ್ಗದ್ದನ್ನು 3ರಿಂದ ಗುಣಿಸಬೇಕು, 3ನೇ ವರ್ಗದ್ದನ್ನು ಇದ್ದಂತೆಯೇ ಹಿಡಿಯಬೇಕು. ಎಲ್ಲ ಕೂಡಿಸಿ ಬಂದ ಮೊತ್ತ 1000 ದಾಟದಿದ್ದರೆ ಚಾಲಕನಿಗೆ ಎಡಿಆರ್ ಪ್ರಮಾಣಪತ್ರ ಬೇಕಾಗಿಲ್ಲ, ಕಿತ್ತಳೆ ಫಲಕವೂ ಬೇಕಾಗಿಲ್ಲ. ದ್ರವೀಕೃತ ಅನಿಲವನ್ನು ಒಳಗಿನ ಅನಿಲದ ತೂಕದಿಂದ, ದ್ರವವನ್ನು ಲೀಟರ್‌ನಿಂದ ಲೆಕ್ಕ ಹಾಕಬೇಕು. ಸಿಲಿಂಡರ್‌ನ ಕಬ್ಬಿಣದ ತೂಕ ಸೇರುವುದಿಲ್ಲ.

ನಿಮ್ಮ ಪಟ್ಟಿಯನ್ನೇ ತೆಗೆದುಕೊಳ್ಳೋಣ. ಸಿಲಿಂಡರ್‌ನ ಕುತ್ತಿಗೆಯ ಚೀಟಿಯಲ್ಲಿ ಯುಎನ್ 1978 ಎಂದೋ 1965 ಎಂದೋ ಇರುತ್ತದೆ. ಯಾವುದಿದ್ದರೂ 2ನೇ ವರ್ಗವೇ. ಮೂರು ಸಿಲಿಂಡರ್‌ನ 141 ಕಿಲೋವನ್ನು 3ರಿಂದ ಗುಣಿಸಿದರೆ 423. ಪೆಟ್ರೋಲ್ ಯುಎನ್ 1203, ಅದೂ 2ನೇ ವರ್ಗ, 40 ಲೀಟರ್‌ಗೆ 120. ಕಾಸ್ಟಿಕ್ ದ್ರಾವಣ ಯುಎನ್ 1824. ತೀವ್ರತೆಯಲ್ಲಿ ಮಧ್ಯಮ ಗುಂಪಿನದಾದರೆ 2ನೇ ವರ್ಗ, 10 ಲೀಟರ್‌ಗೆ 30. ಬ್ಲೀಚ್ ಯುಎನ್ 1791, ದುರ್ಬಲವಾದದ್ದಾದರೆ 3ನೇ ವರ್ಗ, 10. ಒಟ್ಟು 583. ಇದಲ್ಲದೆ, ಉದ್ಯಮವೊಂದು ತನ್ನ ಮುಖ್ಯ ಕೆಲಸಕ್ಕೆ ಪೂರಕವಾಗಿ ತಾನೇ ಬಳಸಲು ಒಯ್ಯುವ ವಸ್ತುಗಳಿಗೆ, ಒಂದೊಂದು ಪಾತ್ರೆ 450 ಲೀಟರ್ ಮೀರದೆ ಮೊತ್ತವೂ ಈ ಮಿತಿಯೊಳಗೇ ಇದ್ದರೆ, ಇನ್ನೂ ದೊಡ್ಡ ವಿನಾಯಿತಿಯಿದೆ. ನಿಮಗೆ ‘ಸ್ವಂತ ಬಳಕೆಗೆ ನಿಯಮವಿಲ್ಲ’ ಎಂದವರು ಬಹುಶಃ ಇದನ್ನೇ ಅರ್ಧ ಕೇಳಿಸಿಕೊಂಡಿರಬೇಕು. ಅದನ್ನು ನೆಚ್ಚಿಕೊಂಡು ಬರಿಗೈಯಲ್ಲಿ ಹೊರಡಿ ಎಂದು ಮಾತ್ರ ನಾನು ಹೇಳಲಾರೆ. ಆ ನಿಯಮದ ಪಠ್ಯ ಉದಾಹರಣೆಯಾಗಿ ಕೊಡುವುದು ಕಟ್ಟಡದ ಕೆಲಸವನ್ನು, ದುರಸ್ತಿಯನ್ನು. ಪರದೇಶದಲ್ಲಿ ದೋಸೆ ಹುಯ್ಯುವುದೂ ಅದರೊಳಗೆ ಬರುತ್ತದೆ ಎಂದು ಬೆಲ್ಜಿಯಂನ ಹೆದ್ದಾರಿಯಲ್ಲಿ ರಾತ್ರಿ ಎರಡು ಗಂಟೆಗೆ ಪೊಲೀಸರ ಜೊತೆ ವಾದಿಸುವ ಪ್ರಸಂಗ ನಿಮಗೆ ಬರುವುದು ಬೇಡ.

ಆದ್ದರಿಂದ 1000 ಅಂಕದ ವಿನಾಯಿತಿ ಕೇಳುವಷ್ಟನ್ನು ಮಾಡಿಕೊಳ್ಳಿ. ಸಾಗಣೆ ಪತ್ರವೊಂದು ಬೇಕು. ಅದರಲ್ಲಿ ಯುಎನ್ ಸಂಖ್ಯೆ, ವಸ್ತುವಿನ ಹೆಸರು, ಅಪಾಯದ ವರ್ಗ, ಎಷ್ಟು ಪಾತ್ರೆ, ಒಟ್ಟು ಪ್ರಮಾಣ, ಕಳುಹಿಸುವವರ ಮತ್ತು ಪಡೆಯುವವರ ವಿಳಾಸ, ಪ್ರತಿ ಸಾಗಣೆ ವರ್ಗದ ಮೊತ್ತ ಇರಬೇಕು. ಇಂಗ್ಲಿಷಿನಲ್ಲಿದ್ದರೆ ಸಾಕು. ಕನಿಷ್ಠ 2 ಕಿಲೋದ ಒಣಪುಡಿಯ ಅಗ್ನಿಶಾಮಕ ಬೇಕು, ಮೊಹರು ಒಡೆದಿರಬಾರದು, ತಪಾಸಣೆಯ ಅವಧಿ ಮುಗಿದಿರಬಾರದು. ನೀವೂ ನಿಮ್ಮ ಭಾವನವರೂ ಈ ಸರಕಿನ ಗುಣ, ಸೋರಿದರೆ ಏನು ಮಾಡಬೇಕು ಎಂಬ ಪ್ರಾಥಮಿಕ ತರಬೇತಿ ಪಡೆದು ಅದರ ದಾಖಲೆ ಇಟ್ಟುಕೊಳ್ಳಬೇಕು. ಸಿಲಿಂಡರ್‌ಗಳು ನೆಟ್ಟಗೆ ನಿಂತಿರಬೇಕು, ಪಟ್ಟಿಯಿಂದ ಗೋಡೆಗೆ ಬಿಗಿದಿರಬೇಕು, ಕವಾಟಕ್ಕೆ ಮುಚ್ಚಳವಿರಬೇಕು, ರೆಗ್ಯುಲೇಟರ್ ಕಳಚಿರಬೇಕು.

ನೀವು ಸುಮ್ಮನೆ ಹೇಳಿಬಿಟ್ಟ ‘ಪೂರ್ತಿ ಮುಚ್ಚಿದ್ದು’ ಎಂಬ ಮಾತೇ ನನಗೆ ಹೆಚ್ಚು ಅಳುಕು ತಂದದ್ದು. ಪ್ರೋಪೇನ್ ಗಾಳಿಗಿಂತ ಸುಮಾರು ಒಂದೂವರೆ ಪಟ್ಟು ಭಾರ. ಸೋರಿದರೆ ಮೇಲಕ್ಕೆ ಹೋಗದೆ ನೆಲದ ಮೇಲೆ ನೀರಿನಂತೆ ಹರಡಿ ಕುಳಿತುಕೊಳ್ಳುತ್ತದೆ. ಒಂದು ಲೀಟರ್ ದ್ರವ ಸುಮಾರು 270 ಲೀಟರ್ ಅನಿಲವಾಗುತ್ತದೆ, ಗಾಳಿಯಲ್ಲಿ ಶೇಕಡಾ 2ರಷ್ಟು ಬೆರೆತರೆ ಹೊತ್ತಿಕೊಳ್ಳಲು ಸಾಕು. ವ್ಯಾನ್‌ನ ಮೇಲ್ಛಾವಣಿಯಲ್ಲಿ ಮಾತ್ರ ಗಾಳಿಕಿಂಡಿ ಇದ್ದರೆ ಅದು ಈ ಅನಿಲಕ್ಕೆ ಪ್ರಯೋಜನವಿಲ್ಲ, ನೆಲಮಟ್ಟದಲ್ಲಿಯೂ ಕಿಂಡಿಯಿರಬೇಕು. ಗಾಳಿಯಾಡದ ವಾಹನದಲ್ಲಿ ಅನಿಲ ಒಯ್ಯಲೇಬೇಕಾದ ಪ್ರಸಂಗದಲ್ಲಿ, ಗಾಳಿಯ ವ್ಯವಸ್ಥೆಯಿಲ್ಲ, ಎಚ್ಚರದಿಂದ ತೆರೆಯಿರಿ ಎಂಬ ಬರಹವನ್ನು ಕನಿಷ್ಠ 25 ಮಿಲಿಮೀಟರ್ ಎತ್ತರದ ಅಕ್ಷರಗಳಲ್ಲಿ ಬಾಗಿಲ ಮೇಲೆ ಹಾಕಬೇಕೆಂದು ನಿಯಮವೇ ಹೇಳುತ್ತದೆ.

ಇನ್ನೊಂದು ಸಣ್ಣ ವಿಷಯ. ಕಾಸ್ಟಿಕ್ ದ್ರಾವಣವನ್ನು ಅಲ್ಯೂಮಿನಿಯಂ ಪಾತ್ರೆಗಳ ಮೇಲೆ ಇಡಬೇಡಿ. ಇಡ್ಲಿ ತಟ್ಟೆಗಳ ಪೆಟ್ಟಿಗೆಯ ಮೇಲೆ ಕ್ಯಾನ್ ಸೋರಿ, ಬೆಳಿಗ್ಗೆ ನೋಡಿದಾಗ ತಟ್ಟೆಗಳ ಅಂಚು ಗೆದ್ದಲು ತಿಂದ ಹಾಗೆ ಆಗಿದ್ದನ್ನು ನಾನೇ ನೋಡಿದ್ದೇನೆ. ಅಲ್ಯೂಮಿನಿಯಂ ಜೊತೆ ಅದು ಕೂಡಿದಾಗ ಹೊರಡುವುದು ಹೈಡ್ರೋಜನ್, ಅದೂ ಮುಚ್ಚಿದ ವ್ಯಾನ್‌ನೊಳಗೆ.

ಬಂದರು ಹತ್ತಿರ, ಕೆಂಟ್:

ಮೇಲಿನವರು ರಸ್ತೆಯ ಬಗ್ಗೆ ಹೇಳಿದ್ದು ಸರಿಯಾಗಿದೆ, ಅದರಲ್ಲಿ ನಾನು ಸೇರಿಸಬೇಕಾದದ್ದಿಲ್ಲ. ಆದರೆ ಕಾವಲಿಮನೆಯವರೇ, ನಿಮ್ಮ ಪ್ರಯಾಣದಲ್ಲಿ ರಸ್ತೆಯಲ್ಲದ ಒಂದು ತುಂಡು ಇದೆ. ಡೋವರ್‌ಗೂ ಕ್ಯಾಲೇಗೂ ನಡುವಿನ ಸಮುದ್ರ. ಅಲ್ಲಿ ಎಡಿಆರ್ ನಡೆಯುವುದಿಲ್ಲ, ಐಎಂಡಿಜಿ ಎಂಬ ಕಡಲ ನಿಯಮಾವಳಿ ನಡೆಯುತ್ತದೆ, ಅದರಲ್ಲಿ 1000 ಅಂಕದ ವಿನಾಯಿತಿ ಎಂಬುದೇ ಇಲ್ಲ. ನಿಮ್ಮ 583 ಅಂಕ ಡೋವರ್‌ನ ಗೇಟಿನವರೆಗೆ ಮಾತ್ರ ಬೆಲೆಬಾಳುತ್ತದೆ. ಗೇಟು ದಾಟಿದ ಮೇಲೆ ಒಂದೇ ಒಂದು ಸಿಲಿಂಡರ್ ಇದ್ದರೂ ಅದನ್ನು ಮುಂಚಿತವಾಗಿ ಘೋಷಿಸಬೇಕು, ಅಪಾಯಕಾರಿ ಸರಕಿನ ಪತ್ರ ಕೊಡಬೇಕು, ಹಡಗಿನವರು ಒಪ್ಪಿಗೆ ಕೊಟ್ಟ ಸಮಯದ ಹಡಗಿನಲ್ಲಿಯೇ ಹೋಗಬೇಕು. ಪ್ರಯಾಣಿಕರು ತುಂಬಿದ ಹಡಗಿನಲ್ಲಿ ಸುಡುವ ಅನಿಲಕ್ಕೆ ಕಟ್ಟುನಿಟ್ಟು ಜಾಸ್ತಿ; ಲಾರಿಗಳು ಹೋಗುವ ಸರಕಿನ ಹಡಗಿಗೆ ಹೋಗಿ ಎಂದು ಹೇಳಿಬಿಡುತ್ತಾರೆ. ಬಿಡಿ ಕ್ಯಾನ್‌ನ ಪೆಟ್ರೋಲನ್ನಂತೂ ಬಹುತೇಕ ಕಂಪನಿಗಳು ಒಪ್ಪುವುದೇ ಇಲ್ಲ. ಇಂಗ್ಲಿಷ್ ಕಡಲ್ಗಾಲುವೆಯ ಕೆಳಗಿನ ರೈಲು ಸುರಂಗಕ್ಕೂ ಅವರದೇ ಪ್ರತ್ಯೇಕ ಪಟ್ಟಿಯಿದೆ. ಅಲ್ಲಿ 1996ರಲ್ಲಿಯೂ 2008ರಲ್ಲಿಯೂ ಲಾರಿ ಹೊತ್ತ ರೈಲುಗಳಲ್ಲಿ ಬೆಂಕಿ ಬಿದ್ದಿತ್ತು, ಹಾಗಾಗಿ ಅವರ ಎಚ್ಚರಿಕೆಯನ್ನು ಅತಿಯೆಂದು ದೂರುವಂತಿಲ್ಲ.

ಕ್ಯಾರವಾನ್‌ನಲ್ಲಿ ಹೋಗುವವರು ಗ್ಯಾಸ್ ಒಯ್ಯುತ್ತಾರಲ್ಲ ಎಂದು ನೀವು ಕೇಳಬಹುದು. ಅವರಿಗೆ ವಾಹನದ ಅಡುಗೆಮನೆಗೆ ಜೋಡಿಸಿದ ಸಣ್ಣ ಪ್ರಮಾಣಕ್ಕೆ ಕಂಪನಿಗಳೇ ರಿಯಾಯಿತಿ ಕೊಟ್ಟಿವೆ. ವ್ಯಾಪಾರದ ವ್ಯಾನ್‌ನಲ್ಲಿ ಬಿಡಿಯಾಗಿ ನಿಂತ 47 ಕಿಲೋದ ಮೂರು ಸಿಲಿಂಡರ್ ಆ ರಿಯಾಯಿತಿಯೊಳಗೆ ಬರುತ್ತದೆಂದು ಭಾವಿಸಬೇಡಿ.

ಇದನ್ನು ನಾನು ಪುಸ್ತಕ ಓದಿ ಹೇಳುತ್ತಿಲ್ಲ. ಕೆಲವು ವರ್ಷಗಳ ಹಿಂದೆ ಗೆಳೆಯರೊಬ್ಬರ ಮಗಳ ಮದುವೆಗೆ ಪ್ಯಾರಿಸ್ ಹತ್ತಿರದ ಊರಿಗೆ ಅಡುಗೆ ಸಾಮಾನು ತಲುಪಿಸಲು ಒಪ್ಪಿಕೊಂಡಿದ್ದೆ. ಒಂದೇ ಒಂದು 19 ಕಿಲೋದ ಸಿಲಿಂಡರ್, ಕಂಬಳಿ ಸುತ್ತಿ ಅಕ್ಕಿ ಮೂಟೆಗಳ ನಡುವೆ ನಿಲ್ಲಿಸಿದ್ದೆ. ನವೆಂಬರಿನ ಮಳೆ, ರಾತ್ರಿ ಹನ್ನೊಂದೂವರೆ. ಚೆಕ್-ಇನ್ ಕಿಟಕಿಯ ಹೆಣ್ಣುಮಗಳು ‘ಗ್ಯಾಸ್ ಇದೆಯೇ’ ಎಂದು ಕೇಳಿದಳು, ನಾನು ಇದೆ ಎಂದೆ. ಅಷ್ಟೇ. ವಾಹನ ಪಕ್ಕಕ್ಕೆ ಹಾಕಿಸಿದರು, ಹಡಗು ಕಣ್ಣೆದುರಿಗೇ ಹೋಯಿತು. ಸಿಲಿಂಡರನ್ನು ಬಂದರಿನಲ್ಲಿ ಬಿಟ್ಟುಹೋಗಲು ಬಿಡುವುದಿಲ್ಲ. ನಾನು ಮೂವತ್ತು ಮೈಲಿ ಹಿಂದಕ್ಕೆ ಬಂದು, ಪರಿಚಯದವರನ್ನು ನಿದ್ದೆಯಿಂದ ಎಬ್ಬಿಸಿ, ಅವರ ಹಿತ್ತಲಿನಲ್ಲಿ ಅದನ್ನು ಇಳಿಸಿ, ಬೆಳಗಿನ ಹಡಗಿಗೆ ಮತ್ತೆ ದುಡ್ಡು ಕಟ್ಟಿದೆ. ಮುಹೂರ್ತಕ್ಕೆ ಸಾಂಬಾರು ತಲುಪಿತು, ತಿಂಡಿಗೆ ತಲುಪಲಿಲ್ಲ. ಆ ಕಿಟಕಿಯವಳ ಮೇಲೆ ನನಗೆ ಸಿಟ್ಟಿಲ್ಲ. ನನಗೆ ಟಿಕೆಟ್ ಮಾರುವಾಗ ಈ ಪ್ರಶ್ನೆಯನ್ನು ಕೇಳದೆ ಹೋದ ಕಂಪನಿಯ ಮೇಲೆ ಇವತ್ತಿಗೂ ಇದೆ.

ತೂಕವನ್ನೂ ನೋಡಿಕೊಳ್ಳಿ. 47 ಕಿಲೋದ್ದೆಂದು ಹೇಳುವ ಸಿಲಿಂಡರ್ ತುಂಬಿದಾಗ ಹತ್ತಿರಹತ್ತಿರ 100 ಕಿಲೋ ತೂಗುತ್ತದೆ. ಮೂರು ಸಿಲಿಂಡರ್, ಎರಡು ಗ್ರೈಂಡರ್, ಕಲ್ಲು, ಕಾವಲಿ, ಅಕ್ಕಿ, ಇಬ್ಬರು ಮನುಷ್ಯರು ಎಂದು ಕೂಡಿಸಿ ಒಮ್ಮೆ ವೇಬ್ರಿಡ್ಜ್ ಮೇಲೆ ನಿಲ್ಲಿಸಿ ನೋಡಿ. 3.5 ಟನ್ ಮೀರಿದ್ದರೆ ಉಳಿದ ಕಾಗದಗಳೆಲ್ಲ ಸರಿಯಿದ್ದೂ ಅಲ್ಲಿಯೇ ನಿಲ್ಲಿಸುತ್ತಾರೆ.

ಉಪ್ಪಿನಂಗಡಿ ತಿರುವು:

ನಾನು ಊರಿನಲ್ಲಿಯೇ ಇರುವವನು. ನಮ್ಮ ತಂದೆ ಇಪ್ಪತ್ತೆರಡು ವರ್ಷ ಮಂಗಳೂರಿನಿಂದ ಬೆಂಗಳೂರಿಗೆ ಅನಿಲದ ಟ್ಯಾಂಕರ್ ಓಡಿಸಿದವರು. ಯುರೋಪಿನ ಕಾಗದದ ಬಗ್ಗೆ ನಾನು ಹೇಳಲಾರೆ, ಅನಿಲದ ಬಗ್ಗೆ ಎರಡು ಮಾತು ಹೇಳಬಲ್ಲೆ.

ನಮ್ಮಲ್ಲಿಯೂ 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ ಅಪಾಯಕಾರಿ ಸರಕಿಗೆಂದೇ ಪ್ರತ್ಯೇಕ ನಿಯಮಗಳಿವೆ. ಚಾಲಕ ತರಬೇತಿ ಪಡೆದು ಲೈಸೆನ್ಸಿನಲ್ಲಿ ನಮೂದು ಮಾಡಿಸಬೇಕು, ಅವಘಡವಾದರೆ ಏನು ಮಾಡಬೇಕೆಂದು ಹೇಳುವ ಟ್ರೆಮ್ ಕಾರ್ಡ್ ಕ್ಯಾಬಿನ್‌ನಲ್ಲಿ ಇರಬೇಕು. ತಂದೆಯವರು ಆ ಕಾರ್ಡನ್ನು ದೇವರ ಪಟದ ಹಿಂದೆ ಸಿಕ್ಕಿಸಿಡುತ್ತಿದ್ದರು. ಕೇಳಿದಾಗ ಹುಡುಕುವಂತಿರಬಾರದು ಎಂಬುದು ಅವರ ಲೆಕ್ಕ. ಆದರೆ ಮದುವೆಯ ಅಡುಗೆಯವರು 19 ಕಿಲೋದ ಸಿಲಿಂಡರ್‌ಗಳನ್ನು ಸಣ್ಣ ಗೂಡ್ಸ್ ಗಾಡಿಯಲ್ಲಿ ಅಡ್ಡ ಮಲಗಿಸಿ, ಮೇಲೆ ಪಾತ್ರೆ ಹೇರಿ, ಅದರ ಮೇಲೆ ಇಬ್ಬರು ಹುಡುಗರನ್ನು ಕೂರಿಸಿ ಹೋಗುವುದನ್ನು ನಾವೆಲ್ಲರೂ ನೋಡಿದ್ದೇವೆ. ಅಡ್ಡ ಮಲಗಿಸಿದ ಸಿಲಿಂಡರ್‌ನಲ್ಲಿ ಕವಾಟದ ಬಾಯಿಗೆ ಅನಿಲದ ಬದಲು ದ್ರವ ಬಂದು ಕೂರುತ್ತದೆ. ಕವಾಟ ಸೋರಿದರೆ ಹೊರಗೆ ಬರುವುದೂ ದ್ರವವೇ, ಮೇಲಿನವರು ಹೇಳಿದ 270 ಪಟ್ಟು ಲೆಕ್ಕ ಆಗ ಶುರುವಾಗುತ್ತದೆ. 2013ರ ಏಪ್ರಿಲ್‌ನಲ್ಲಿ ನಮ್ಮ ಪಕ್ಕದ ಪೆರ್ನೆಯಲ್ಲಿ ಟ್ಯಾಂಕರ್ ಉರುಳಿ, ಸೋರಿದ ಅನಿಲಕ್ಕೆ ಬೆಂಕಿ ತಗುಲಿ ರಸ್ತೆಬದಿಯ ಮನೆಗಳೂ ಜನರೂ ಸುಟ್ಟುಹೋದದ್ದನ್ನು ಕಂಡ ಮೇಲೆ ಈ ವಿಷಯದಲ್ಲಿ ನನಗೆ ತಮಾಷೆ ಮಾಡಲು ಆಗುವುದಿಲ್ಲ. ನಿಮ್ಮದು ಟ್ಯಾಂಕರ್ ಅಲ್ಲ, ನಿಜ. ಆದರೂ ಮುಚ್ಚಿದ ವ್ಯಾನ್ ಎಂದ ಕೂಡಲೇ ನನಗೂ ಅದೇ ಅಳುಕು.

ಒಂದು ಅನುಮಾನ. ಊರಿನ ಸಿಲಿಂಡರ್‌ನಲ್ಲಿ ಪ್ರೋಪೇನ್, ಬ್ಯುಟೇನ್ ಎರಡೂ ಬೆರೆತಿರುತ್ತವೆ. ಅಲ್ಲಿ ಬರೀ ಪ್ರೋಪೇನ್ ಏಕೆ ಬಳಸುತ್ತಾರೆ?

ರೈನ್‌ತೀರದ ಸರಕು:

ಕಾರಣ ಚಳಿ. ಬ್ಯುಟೇನ್ ಸೊನ್ನೆ ಡಿಗ್ರಿಯ ಸ್ವಲ್ಪ ಕೆಳಗೇ ಅನಿಲವಾಗುವುದನ್ನು ನಿಲ್ಲಿಸುತ್ತದೆ, ಪ್ರೋಪೇನ್ ಮೈನಸ್ 42ರವರೆಗೂ ಅನಿಲವಾಗುತ್ತಲೇ ಇರುತ್ತದೆ. ನವೆಂಬರಿನ ಬೆಳಗಿನಲ್ಲಿ ಹೊರಗೆ ನಿಲ್ಲಿಸಿದ ಬ್ಯುಟೇನ್ ಸಿಲಿಂಡರ್ ತುಂಬಿದ್ದರೂ ಒಲೆ ಹತ್ತುವುದಿಲ್ಲ.

ಹಡಗಿನ ವಿಷಯ ನಾನು ಮೊದಲೇ ಹೇಳಬೇಕಿತ್ತು, ಕೆಂಟ್‌ನವರಿಗೆ ಧನ್ಯವಾದ. ರಸ್ತೆಯ ಕಾಗದ ನೋಡುವವನಿಗೆ ಸಮುದ್ರ ಕಾಣಿಸದೆ ಹೋಗುವುದು ನಮ್ಮ ವೃತ್ತಿಯ ಹಳೆಯ ರೋಗ.

ಸುರಂಗಗಳ ಬಗ್ಗೆಯೂ ಹೇಳಿಬಿಡುತ್ತೇನೆ, ಏಕೆಂದರೆ ಅದನ್ನು ಯಾರಾದರೂ ಕೇಳಿಯೇ ಕೇಳುತ್ತಾರೆ. ಎಡಿಆರ್‌ನಲ್ಲಿ ಸುರಂಗಗಳಿಗೆ ‘ಎ’ಯಿಂದ ‘ಇ’ಯವರೆಗೆ ಐದು ದರ್ಜೆಗಳಿವೆ. ‘ಎ’ ಎಂದರೆ ನಿರ್ಬಂಧವಿಲ್ಲ, ‘ಇ’ ಎಂದರೆ ಅತಿ ಬಿಗಿ. ನೀವು ಎಂ1 ಹೆದ್ದಾರಿಯಿಂದ ಎಂ25ಕ್ಕೆ ಇಳಿದು ಡೋವರ್ ಕಡೆಗೆ ಹೋಗುವಾಗ ಡಾರ್ಟ್‌ಫರ್ಡ್‌ನಲ್ಲಿ ಥೇಮ್ಸ್ ನದಿಯ ಸೇತುವೆಯ ಮೇಲೆ ಹೋಗುತ್ತೀರಿ, ಹಿಂದಿರುಗುವಾಗ ಅದೇ ನದಿಯನ್ನು ಸುರಂಗದಲ್ಲಿ ದಾಟುತ್ತೀರಿ. 1000 ಅಂಕದೊಳಗಿನ ಸರಕಿಗೆ ಎಡಿಆರ್‌ನ ಸುರಂಗ ನಿರ್ಬಂಧ ಅನ್ವಯಿಸುವುದಿಲ್ಲ. ಈ ನಿಯಮಗಳನ್ನು ಅಷ್ಟು ಗಟ್ಟಿಯಾಗಿ ಹಿಡಿದಿರುವುದಕ್ಕೆ 1999 ಮುಖ್ಯ ಕಾರಣ. ಆ ವರ್ಷದ ಮಾರ್ಚ್ 24ರಂದು ಮಾಂಟ್ ಬ್ಲಾಂಕ್ ಸುರಂಗದಲ್ಲಿ 39 ಜನ ಸತ್ತರು, ಮೇ ತಿಂಗಳಲ್ಲಿ ಆಸ್ಟ್ರಿಯದ ಟೌವರ್ನ್ ಸುರಂಗದಲ್ಲಿ 12 ಜನ. ಟೌವರ್ನ್‌ನಲ್ಲಿ ಬಣ್ಣದ ಲಾರಿಯಿತ್ತು. ಮಾಂಟ್ ಬ್ಲಾಂಕ್‌ನಲ್ಲಿ ಹೊತ್ತಿಕೊಂಡ ಲಾರಿಯಲ್ಲಿ ಇದ್ದದ್ದು ಮಾರ್ಗರೀನ್ ಮತ್ತು ಹಿಟ್ಟು; ಯಾವ ಅಪಾಯದ ಪಟ್ಟಿಯಲ್ಲಿಯೂ ಇಲ್ಲದ ಅಡುಗೆ ಸಾಮಾನು. ನಿಮ್ಮ ವ್ಯಾನ್‌ನಲ್ಲಿ ಎಷ್ಟು ಡಬ್ಬಿ ಎಣ್ಣೆ ಇರುತ್ತದೆಂದು ನೀವು ಬರೆದಿಲ್ಲ. ಅದಕ್ಕೆ ಅಂಕವಿಲ್ಲ, ಆದರೆ ಅದನ್ನು ಸಿಲಿಂಡರ್‌ನ ಪಕ್ಕ ಜೋಡಿಸಬೇಡಿ.

ಮೈನ್ ದಂಡೆ, ಫ್ರಾಂಕ್‌ಫರ್ಟ್:

ನಾನು ಇಲ್ಲಿಯ ಎರಡು ಮೂರು ಹಬ್ಬಗಳಿಗೆ ಅಡುಗೆಯ ವ್ಯವಸ್ಥೆ ನೋಡಿಕೊಂಡವನು. ಮೂಲ ಪ್ರಶ್ನೆಯನ್ನೇ ಬದಲಿಸಬೇಕು ಎನ್ನಿಸುತ್ತದೆ. ಗ್ಯಾಸನ್ನು ಅಲ್ಲಿಂದ ಇಲ್ಲಿಗೆ ತರುವುದೇ ಏಕೆ? ಜರ್ಮನಿಯಲ್ಲಿ 11 ಕಿಲೋದ ಪ್ರೋಪೇನ್ ಸಿಲಿಂಡರ್ ಕಟ್ಟಡ ಸಾಮಗ್ರಿಯ ಅಂಗಡಿಗಳಲ್ಲಿ, ಅನೇಕ ಪೆಟ್ರೋಲ್ ಬಂಕ್‌ಗಳಲ್ಲಿ ಸಿಗುತ್ತದೆ. 33 ಕಿಲೋದ್ದನ್ನು ಗ್ಯಾಸ್ ವ್ಯಾಪಾರಿಗಳಿಂದ ಮೊದಲೇ ಹೇಳಿ ತರಿಸಬಹುದು. ಬೂದು ಬಣ್ಣದ್ದನ್ನು ಕೊಂಡರೆ ಅದು ನಿಮ್ಮದಾಗುತ್ತದೆ, ಕೆಂಪು ಬಣ್ಣದ್ದು ವ್ಯಾಪಾರಿಯದೇ ಆಗಿ ಉಳಿದು ನೀವು ಠೇವಣಿ ಕಟ್ಟುತ್ತೀರಿ. ನಿಮ್ಮ ಇಂಗ್ಲೆಂಡಿನ ಸಿಲಿಂಡರ್‌ಗಳನ್ನು ಇಲ್ಲಿ ಬದಲಾಯಿಸಿಕೊಳ್ಳಲೂ ಆಗದು. ಅರ್ಧದಲ್ಲಿ ಗ್ಯಾಸ್ ಮುಗಿದರೆ ನೀವು ಹೇಗಿದ್ದರೂ ಇಲ್ಲಿಯದನ್ನೇ ಹುಡುಕಬೇಕಾಗುತ್ತದೆ.

ಆದರೆ ಇಲ್ಲಿ ಎಡವುವ ಜಾಗ ಬೇರೆಯಿದೆ. ಇಂಗ್ಲೆಂಡಿನ ಪ್ರೋಪೇನ್ ಒಲೆಗಳು 37 ಮಿಲಿಬಾರ್ ಒತ್ತಡಕ್ಕೆ ಮಾಡಿದವು. ಇಲ್ಲಿ ಅಡುಗೆಮನೆ ಮತ್ತು ವ್ಯಾಪಾರದ ಪ್ರೋಪೇನ್ ಉಪಕರಣಗಳಿಗೆ ರೂಢಿಯಲ್ಲಿರುವುದು 50. ಇಲ್ಲಿಯ ಅಂಗಡಿಯಲ್ಲಿ ಸಿಗುವ ರೆಗ್ಯುಲೇಟರ್ ತಂದು ನಿಮ್ಮ ಹೋಸ್‌ಗೆ ಸಿಕ್ಕಿಸಿದರೆ ಉರಿ ಹತ್ತುತ್ತದೆ, ಎಲ್ಲ ಸರಿಯಿದೆ ಎಂದೂ ತೋರುತ್ತದೆ. ಆದರೆ ಜೆಟ್‌ನಿಂದ ಬರುವ ಅನಿಲ ಶೇಕಡಾ 16ರಷ್ಟು ಹೆಚ್ಚಾಗಿರುತ್ತದೆ, ನೀಲಿಯಿರಬೇಕಾದ ಉರಿಯ ತುದಿ ಹಳದಿಯಾಗಿ ಕಾವಲಿಯ ಅಂಚಿನಿಂದ ಹೊರಗೆ ಚಾಚುತ್ತದೆ, ಮಸಿ ಕಟ್ಟುತ್ತದೆ, ಮುಚ್ಚಿದ ಜಾಗವಾದರೆ ಕಾರ್ಬನ್ ಮಾನಾಕ್ಸೈಡ್ ತುಂಬುತ್ತದೆ. ಎರಡು ವರ್ಷದ ಹಿಂದೆ ನಮ್ಮ ಕಾರ್ಯಕ್ರಮಕ್ಕೆ ಬೇರೆ ದೇಶದಿಂದ ಒಲೆ ತಂದವರು ಇದೇ ಮಾಡಿದ್ದರು. ಮೊದಲ ಹತ್ತು ದೋಸೆ ನಡುವೆ ಹಸಿ, ಅಂಚಿನಲ್ಲಿ ಕರಕಲು. ಅವರು ಹಿಟ್ಟಿನ ಮೇಲೆ ತಪ್ಪು ಹೊರಿಸಿ ನೀರು ಬೆರೆಸುತ್ತಾ ಕೂತಿದ್ದರು.

ಆದ್ದರಿಂದ ಸಿಲಿಂಡರ್ ಕಡೆ ಇಲ್ಲಿಯ ಥ್ರೆಡ್‌ಗೆ ಹೊಂದುವ, ಒಲೆಯ ಕಡೆ 37 ಮಿಲಿಬಾರ್ ಕೊಡುವ ರೆಗ್ಯುಲೇಟರನ್ನು ನಿಮ್ಮ ಗ್ಯಾಸ್ ಎಂಜಿನಿಯರ್‌ರಿಂದ ತರಿಸಿ, ಅವರ ಕೈಯಿಂದಲೇ ಒಲೆಯನ್ನು ಪರೀಕ್ಷಿಸಿಕೊಂಡು ಹೊರಡಿ. ಪರೀಕ್ಷೆಯ ಪ್ರಮಾಣಪತ್ರ ಜೊತೆಗಿರಲಿ, ಸಭಾಂಗಣದವರು ಕೇಳುತ್ತಾರೆ. ಇನ್ನೊಂದು, 11 ಕಿಲೋದ ಒಂದೇ ಸಿಲಿಂಡರ್‌ಗೆ ಮೂರು ದೊಡ್ಡ ಬರ್ನರ್ ಹಾಕಬೇಡಿ. ಅಷ್ಟು ವೇಗವಾಗಿ ಎಳೆದರೆ ಒಳಗಿನ ದ್ರವ ತಣ್ಣಗಾಗಿ ಸಿಲಿಂಡರ್‌ನ ಹೊಟ್ಟೆಯ ಸುತ್ತ ಮಂಜು ಕಟ್ಟುತ್ತದೆ, ಉರಿ ಕುಗ್ಗುತ್ತದೆ. ಆಗ ಯಾರಾದರೂ ಬಿಸಿನೀರು ಸುರಿಯಲು ಹೊರಟರೆ ಕೈ ಹಿಡಿದು ನಿಲ್ಲಿಸಿ.

ಪೆಟ್ರೋಲ್ ಮತ್ತು ಜನರೇಟರ್ ಎರಡನ್ನೂ ಮನೆಯಲ್ಲಿ ಬಿಡಿ. ಇಲ್ಲಿಯ ಸಭಾಂಗಣಗಳಲ್ಲಿ ಕೆಂಪು ಬಣ್ಣದ ಐದು ಪಿನ್‌ನ ಮೂರು ಫೇಸ್ ಸಾಕೆಟ್ ಸಾಮಾನ್ಯವಾಗಿ ಇರುತ್ತದೆ. 16 ಆಂಪಿಯರ್‌ನದಾದರೆ 11 ಕಿಲೋವಾಟ್, 32ರದ್ದಾದರೆ 22 ಕಿಲೋವಾಟ್ ಸಿಗುತ್ತದೆ. ಗ್ರೈಂಡರ್, ಇಡ್ಲಿಯ ಸ್ಟೀಮರ್ ಅದರಲ್ಲಿಯೇ ಓಡುತ್ತವೆ. ಕಾವಲಿಯ ಉರಿ ಮಾತ್ರ ಹೊರಗೆ, ಛಾವಣಿಯ ಕೆಳಗೆ. ಸಭಾಂಗಣದೊಳಗೆ ಗ್ಯಾಸ್ ಒಲೆ ಹಚ್ಚಲು ಅನುಮತಿ ಸಿಗುತ್ತದೆಂದು ನಂಬಿ ಬರಬೇಡಿ.

ಬಂದರು ಹತ್ತಿರ, ಕೆಂಟ್:

ಮೇಲಿನ ಮಾತಿಗೆ ನನ್ನ ಪೂರ್ಣ ಸಮ್ಮತಿ. ಗ್ಯಾಸ್ ಬಿಟ್ಟರೆ ಬಂದರಿನ ತೊಂದರೆಯ ಬಹುಪಾಲು ಅಲ್ಲಿಗೇ ಮುಗಿಯಿತು. ಉಳಿಯುವ ಕಾಸ್ಟಿಕ್, ಬ್ಲೀಚ್‌ಗಳನ್ನೂ ಅಲ್ಲಿಯೇ ಕೊಳ್ಳಿ, ನೂರು ರೂಪಾಯಿಯ ಸಾಮಾನಿಗೆ ಸಾವಿರ ರೂಪಾಯಿಯ ಕಾಗದ ಬೇಡ. ಜನರೇಟರ್ ತರಲೇಬೇಕಾದರೆ ಟ್ಯಾಂಕಿನ ಪೆಟ್ರೋಲ್ ಪೂರ್ತಿ ಬಸಿದು ತನ್ನಿ.

ಅಪಾಯಕಾರಿ ಸರಕಿಗೆ ಸಂಬಂಧಿಸಿದ್ದಲ್ಲ, ಆದರೂ ಒಂದೇ ಉಸಿರಿನಲ್ಲಿ ಹೇಳುತ್ತೇನೆ: ಕಾವಲಿ, ಗ್ರೈಂಡರ್‌ಗಳಿಗೆ ವಾಣಿಜ್ಯ ಮಂಡಳಿಯಿಂದ ಎಟಿಎ ಕಾರ್ನೆ (ಸುಂಕ ಕಟ್ಟದೆ ತಾತ್ಕಾಲಿಕವಾಗಿ ಗಡಿ ದಾಟಿಸುವ ಪತ್ರ) ಮಾಡಿಸಿ, ಹಿಂದಿರುಗಿ ಬರುವ ವಸ್ತುಗಳಿಗೆ ಮಾತ್ರ ಅದು, ಮುಗಿದುಹೋಗುವ ಗ್ಯಾಸ್, ಅಕ್ಕಿ, ಎಣ್ಣೆ ಅದರಲ್ಲಿ ಸೇರುವುದಿಲ್ಲ. ತುಪ್ಪ, ಮೊಸರು, ಬೆಣ್ಣೆಯನ್ನು ಬ್ರಿಟನ್‌ನಿಂದ ಹಾಗೆಯೇ ಒಯ್ಯುವಂತಿಲ್ಲ. ಬೆಣ್ಣೆ ದೋಸೆಯ ಬೆಣ್ಣೆ ಜರ್ಮನಿಯದೇ ಆಗಬೇಕು. ನೀವು ಬಾಡಿಗೆಗೆ ಬೇರೆಯವರ ಸರಕು ಸಾಗಿಸುತ್ತಿಲ್ಲ, ನಿಮ್ಮದೇ ಸಾಮಾನು ಒಯ್ಯುತ್ತಿದ್ದೀರಿ. ಆದ್ದರಿಂದ 2022ರ ಮೇ ತಿಂಗಳಿಂದ 2.5 ಟನ್ ಮೀರಿದ ಬಾಡಿಗೆ ವ್ಯಾನ್‌ಗಳಿಗೆ ಬಂದ ಆಪರೇಟರ್ ಲೈಸೆನ್ಸ್ ನಿಮಗೆ ಬೇಡ. ಸಂಘದವರು ‘ನಮ್ಮ ಸ್ಟೇಜಿನ ಸಾಮಾನನ್ನೂ ಸ್ವಲ್ಪ ಹಾಕಿಕೊಂಡು ಬನ್ನಿ, ದುಡ್ಡು ಕೊಡುತ್ತೇವೆ’ ಎಂದರೆ ಒಪ್ಪಬೇಡಿ, ಆಗ ಕಥೆ ಬದಲಾಗುತ್ತದೆ.

ಕಾವಲಿಮನೆ, ಕವೆಂಟ್ರಿ:

ಎಲ್ಲರಿಗೂ ಮನಃಪೂರ್ವಕ ಧನ್ಯವಾದ. ಭಾವನ ಜೊತೆ ಕೂತು ಪಟ್ಟಿಯನ್ನು ಹೊಸದಾಗಿ ಬರೆದೆವು. ಗ್ಯಾಸ್ ಇಲ್ಲ, ಪೆಟ್ರೋಲ್ ಇಲ್ಲ, ಜನರೇಟರ್ ಇಲ್ಲ, ಕಾಸ್ಟಿಕ್ ಮತ್ತು ಬ್ಲೀಚ್ ಅಲ್ಲಿಯೇ ಕೊಳ್ಳುವುದು. ಇಂದು ವ್ಯಾನನ್ನು ತೂಕ ಹಾಕಿಸಿದೆವು: ಹಳೆಯ ಪಟ್ಟಿಯಂತೆ ಹೇರಿದ್ದರೆ 3.5 ಟನ್ನಿಗೆ 60 ಕಿಲೋ ಮೇಲಾಗುತ್ತಿತ್ತು, ಇದನ್ನು ಯಾರೂ ಹೇಳದಿದ್ದರೆ ನಾವು ಯೋಚಿಸುತ್ತಲೇ ಇರಲಿಲ್ಲ. ಸಿಲಿಂಡರ್‌ಗಳು ಇಳಿದ ಜಾಗಕ್ಕೆ ಇನ್ನೊಂದು ಸಣ್ಣ ಗ್ರೈಂಡರ್ ಹಿಡಿಯುತ್ತದೆ. ಇಂಗ್ಲೆಂಡಿನೊಳಗಿನ ಓಡಾಟಕ್ಕಾದರೂ ಇರಲಿ ಎಂದು ವ್ಯಾನ್‌ನ ನೆಲಮಟ್ಟದಲ್ಲಿ ಎರಡು ಗಾಳಿಕಿಂಡಿ ಕೊರೆಸಲು ಶನಿವಾರಕ್ಕೆ ಹೇಳಿದ್ದೇನೆ. ಆರು ವರ್ಷ ಕಿಂಡಿಯಿಲ್ಲದೆ ಓಡಿಸಿದ್ದೇವೆ ಎಂದು ಹೆಂಡತಿಗೆ ಹೇಳಿಲ್ಲ.

ಎರಡು ಪ್ರಶ್ನೆ ಉಳಿದಿವೆ. ಅಲ್ಲಿ ಕೊಂಡ ಬೂದು ಸಿಲಿಂಡರ್ ಖಾಲಿಯಾದ ಮೇಲೆ ಅದನ್ನು ಹಿಂದಕ್ಕೆ ತರಬಹುದೇ? ಖಾಲಿಯಾದದ್ದಕ್ಕೂ ಲೆಕ್ಕವಿದೆಯೇ? ಮತ್ತು ನಮ್ಮ ಎಂಜಿನಿಯರ್ ತೋರಿಸಿದ ರೆಗ್ಯುಲೇಟರ್ ಅಲ್ಲಿಯ ಸಿಲಿಂಡರ್‌ಗೆ ಕೂರುತ್ತದೆಂದು ಇಲ್ಲಿಂದಲೇ ಖಚಿತಪಡಿಸಿಕೊಳ್ಳುವುದು ಹೇಗೆ?

ರೈನ್‌ತೀರದ ಸರಕು:

ಖಾಲಿ ಎಂದು ನಾವು ಕರೆಯುವ ಸಿಲಿಂಡರ್ ಖಾಲಿಯಾಗಿರುವುದಿಲ್ಲ. ಉರಿ ಸತ್ತ ಮೇಲೂ ಒಳಗೆ ಅನಿಲ ಉಳಿದಿರುತ್ತದೆ. ರಸ್ತೆಯ ನಿಯಮದಲ್ಲಿ ಅದು 4ನೇ ಸಾಗಣೆ ವರ್ಗಕ್ಕೆ ಇಳಿಯುತ್ತದೆ, ಅಂಕದ ಮಿತಿಯಿಲ್ಲ. ಹಡಗಿನಲ್ಲಿ ಮಾತ್ರ ಶುದ್ಧಮಾಡದ ಖಾಲಿ ಸಿಲಿಂಡರನ್ನೂ ಸಿಲಿಂಡರ್ ಎಂದೇ ನೋಡುತ್ತಾರೆ. ಕೆಂಪಿನದನ್ನೇ ಠೇವಣಿಗೆ ತೆಗೆದುಕೊಂಡು, ಹೊರಡುವ ಮೊದಲು ಕವಾಟ ಮುಚ್ಚಿ ಮುಚ್ಚಳ ಹಾಕಿ ವ್ಯಾಪಾರಿಗೇ ಹಿಂದಿರುಗಿಸಿ.

ಮೈನ್ ದಂಡೆ, ಫ್ರಾಂಕ್‌ಫರ್ಟ್:

ರೆಗ್ಯುಲೇಟರ್‌ನ ಸಿಲಿಂಡರ್ ಕಡೆಯ ಬಾಯಿಯ ಚಿತ್ರವನ್ನು, ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ತೆಗೆದು ಕಳುಹಿಸಿ. ಮೈಮೇಲೆ ಕೊರೆದ ಅಕ್ಷರಗಳೂ ಕಾಣಬೇಕು. ಎರಡೂ ದೇಶಗಳ ಥ್ರೆಡ್‌ಗಳು ಎಡಕ್ಕೆ ತಿರುಗಿಸಿ ಬಿಗಿಮಾಡುವಂಥವೇ ಆದರೂ ಒಂದಕ್ಕೊಂದು ಕೂರುವುದಿಲ್ಲ. ಚಿತ್ರವನ್ನು ನಾನು ಗುರುವಾರ ಗ್ಯಾಸ್ ಅಂಗಡಿಯವರಿಗೆ ತೋರಿಸಿ ಹೇಳುತ್ತೇನೆ. ಬೆಣ್ಣೆಗೆ 400 ಜನಕ್ಕೆ ಎಷ್ಟು ಕಿಲೋ ಎಂದು ನೀವು ಬರೆದರೆ ಅದನ್ನೂ ಅಂದೇ ಹೇಳಿ ಬರುತ್ತೇನೆ.